ಯಂತ್ರ ಕೇಳಿದ ಅಡಿಗೆಯ ಹೊತ್ತು

ಅಡಿಗೆಗೆ ಎಷ್ಟು ಹೊತ್ತು ಬೇಕೆಂದು ಮನುಷ್ಯರು ಕೇಳಿದರೆ "ಆಗ್ತದ ಬಿಡ್ರಿ" ಅಂದರೆ ಸಾಕು. ಯಂತ್ರ ಕೇಳತೊಡಗಿದ ಮೇಲೆ ನಮ್ಮ ಮನೆಯಲ್ಲಿ ದಿನಕ್ಕೊಂದು ತಮಾಷೆ. ನಿಲಂಗಾದಲ್ಲಿರುವ ನನ್ನ ನಾದಿನಿ ನಮ್ಮ ಕಡೆಯ ಅಡಿಗೆಗಳಿಗೊಂದು ವೆಬ್ ಪುಟ ಮಾಡಿದ್ದಾಳೆ. ಉಮರ್ಗಾದಲ್ಲಿ ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಅದನ್ನು ತುಂಬುವವಳು ನಾನು.

೧. ಗಂಡನ ಹತ್ತು ನಿಮಿಷ

ಓದುವವರಿಗೆ "ಅರ್ಧ ತಾಸು" ಅಂತ ಬರೆದರೂ, ಒಳಗೆ ಯಂತ್ರಕ್ಕಾಗಿ PT30M ಅಂತ ಬರೆಯಬೇಕು. ಪಿ ಅಂದರೆ ಮುಂದೆ ಬರುವುದು ಅವಧಿ; ಟಿ ದಾಟಿದ ಮೇಲೆ ಬರುವ ಎಂ ಅಂದರೆ ನಿಮಿಷ. ಟಿಗಿಂತ ಮೊದಲು ಅದೇ ಎಂ ಬಂದರೆ ತಿಂಗಳು. ನಡುವೆ ಗೋಡೆ ಕಟ್ಟಿ ಒಂದೇ ಅಕ್ಷರಕ್ಕೆ ಎರಡು ಸಂಸಾರ ಕೊಟ್ಟವನು ಯಾರೋ, ಒಮ್ಮೆ ನೋಡಬೇಕು ಅನಿಸಿತು. ಹತ್ತನೇ ತರಗತಿಗೆ ಓದು ಬಿಟ್ಟ ನನಗೆ ಇದು ಭಾರಿ ಹಿಡಿಸಿ, ಕಂಡದ್ದಕ್ಕೆಲ್ಲ ಕೋಡ್ ಕೇಳತೊಡಗಿದೆ. ಒಂದು ಸಂಜೆ ಗಂಡ ತುರೋರಿಯಿಂದ ಫೋನ್ ಮಾಡಿ ಹತ್ತು ನಿಮಿಷದಲ್ಲಿ ಬಂದೆ ಅಂದ. ಮಗಳು ಉಂಡು ಮಲಗಿದರೂ ಬರಲಿಲ್ಲ. ನಿಮ್ಮಣ್ಣನ ಹತ್ತು ನಿಮಿಷಕ್ಕೆ ಏನು ಬರೆಯಬೇಕೆಂದು ನಾದಿನಿಗೆ ಕೇಳಿದೆ.

"ವೈನೀ, ಸುಳ್ಳಿಗಿ ಕೋಡ್ ಇಲ್ಲ," ಅಂದಳು.

೨. ಮಗ್ಗುಲ ಮನೆಯ ವಾಸನೆ

ಮಗ್ಗುಲ ಮನೆಯ ಕಾಕು ವಲಾಂಡಿಯವರು. ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಶೇಂಗಾ ಎಷ್ಟು ಹೊತ್ತು ಹುರಿಯಬೇಕೆಂದರೆ, ವಾಸನೆ ಮಗ್ಗುಲ ಮನೆಗೆ ಮುಟ್ಟುವವರೆಗೆ ಅಂದರು. ಅವರಿಗೆ ಮಗ್ಗುಲ ಮನೆ ಅಂದರೆ ನಮ್ಮದೇ. ವಾಸನೆ ಬಂದ ಕೂಡಲೇ ಕೂಗುತ್ತೇನೆಂದು ಹೇಳಿ, ಮೊಬೈಲಿನಲ್ಲಿ ಗಡಿಯಾರ ಹಚ್ಚಿ ನಮ್ಮ ಪಡಸಾಲೆಯಲ್ಲಿ ಕೂತೆ. ಕೂತೇ ಕೂತೆ. ಕೊನೆಗೆ ಬಂದದ್ದು ವಾಸನೆಯಲ್ಲ, ಕರಕಾದ ಶೇಂಗಾದ ಕಡಾಯಿ ಹಿಡಿದ ಕಾಕು. ನನಗೆ ಅವತ್ತು ನೆಗಡಿ.

"ಮೊದಲ ನಿನ್ನ ಮೂಗ ಚಾಲೂ ಮಾಡ್ಕೋವಾ," ಅಂದರು, "ಆಮ್ಯಾಲ ಆ ಮಶೀನಿಗಿ ಕಲಿಸು."

೩. ಅತ್ತೆಯ ಹುಗ್ಗಿ

ಗೋಧಿ ಹುಗ್ಗಿಯನ್ನು ನನ್ನ ಅತ್ತೆಯೂ ಹೇಳಿದ್ದರು, ಜಳಕೋಟದಲ್ಲಿರುವ ಅವರ ತಂಗಿಯೂ ಹೇಳಿದ್ದರು. ತಾಯಿ, ಚಿಕ್ಕವ್ವರ ನಡುವೆ ಸಿಕ್ಕ ನಾದಿನಿ ಜಾಣೆ. ಪುಟದಲ್ಲಿ ಒಂದೇ ಹುಗ್ಗಿ, ಹೊತ್ತಿನ ಸಮೇತ ಯಾರದು ಮೊದಲು ಬರುತ್ತದೋ ಅವರದು ಅಂದುಬಿಟ್ಟಳು. ತಂಗಿಯ ಹೆಸರು ಬಂದು ತನ್ನದು ಬಿದ್ದುಹೋದರೆ ಅತ್ತೆ ಬಳಗದಲ್ಲಿ ತಲೆಯೆತ್ತುವಂತಿರಲಿಲ್ಲ. ಆದರೂ ತಯಾರಿಗೆ ಎಷ್ಟು ಹೊತ್ತೆಂದರೆ, ಯಾವಾಗಿನಿಂದ ಎಣಿಸಲಿ ಅಂತ ನನ್ನನ್ನೇ ಕೇಳಿದರು. ಕೆಲಸ ಶುರುವಾದಾಗಿನಿಂದ ಅಂದೆ.

"ಹಂಗಾರ ಬಿತ್ತೂದರಿಂದ ಹಿಡಿ. ಗೋಧಿ ನಮ್ಮ ಹೊಲದ್ದದ, ಕಿರಾಣಿ ಅಂಗಡಿದಲ್ಲ."

ಹಾಗೆ ಯಾರೂ ಬರೆಯುವುದಿಲ್ಲ ಅಂದೆ, ಕೇಳಲಿಲ್ಲ. ಯಂತ್ರವಾದರೂ ಬೇಡ ಅಂದೀತೆಂದು P4M ಅಂತ ಒತ್ತಿದೆ. ಅದು ಚಕಾರ ಎತ್ತದೆ ತೆಗೆದುಕೊಂಡಿತು. ಪುಟದಲ್ಲಿ ಬಂತು: ತಯಾರಿ ನಾಲ್ಕು ತಿಂಗಳು, ಬೇಯಿಸುವುದು ಒಂದು ತಾಸು. ಕೆಳಗೆ ಅತ್ತೆಯ ಹೆಸರು.

ಮರುದಿನವೇ ಜಳಕೋಟದಿಂದ ತಂಗಿಯ ಫೋನ್. ಎಲ್ಲರೂ ಕೇಳಲಿ ಅಂತ ಅತ್ತೆ ಸ್ಪೀಕರ್ ಹಚ್ಚಿದರು.

"ಅಕ್ಕಾ, ನಿನ್ನ ಹುಗ್ಗಿಗಿ ನಾಕ ತಿಂಗಳ ಬೇಕೇನ? ನಂದು ಒಂದ ತಾಸಿನಾಗ ಆಗ್ತದ."

"ಗೊತ್ತದವಾ," ಅಂದರು ಅತ್ತೆ. "ಉಂಡವರೆಲ್ಲಾ ಅದನ್ನ ಹೇಳ್ತಾರ."