ಕರುಳಿನ ಶಿಬಿರದ ಒಂಬತ್ತು ಶಾಲುಗಳು

ಹುಮನಾಬಾದಿನ ಕರುಳು ಕ್ಯಾನ್ಸರ್ ಜಾಗೃತಿ ಸಮಿತಿಯ ಅಧ್ಯಕ್ಷರಾದ ಶ್ರೀ ಸಂಜೀವಕುಮಾರ ಅವರಿಗೆ,

ಮಾನ್ಯರೇ,

ಬಸವಕಲ್ಯಾಣದಲ್ಲಿ ಮೂವತ್ತು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತೇ ಇರುವ ಟೇಲರ್ ಮಹೆಬೂಬನ ಸಲಾಮುಗಳನ್ನು ಸ್ವೀಕರಿಸಬೇಕು. ಕಳೆದ ತಿಂಗಳು ತಾವು ನಡೆಸಿದ ಶಿಬಿರವನ್ನು ಕಂಡು ಧನ್ಯನಾದೆ.

ನಾಲ್ಕು ತಿಂಗಳಿಂದ ನನಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ನಾನೇ ತೀರ್ಪು ಕೊಟ್ಟುಕೊಂಡು, ನಾಚಿಕೆಯಿಂದ ಹೆಂಡತಿ ಜೈನಬಿಗೂ ಹೇಳಿರಲಿಲ್ಲ. ಆಕೆಯೇ ಒಂದು ದಿನ, "ಬಂದ್ ಗಿರಾಕಿಗೆಲ್ಲಾ ಅಳತಿ ತಗೋತೀರಿ, ನಿಮ್ ನಡಾ ಎಷ್ಟ್ ಇಳಿದದ ನೋಡ್ಕೊಂಡೀರೇನು?" ಎಂದು ಗದರಿ, ತಮ್ಮ ಶಿಬಿರಕ್ಕೆ ಬಸ್ ಹತ್ತಿಸಿದಳು.

ತಮ್ಮ ಶಿಸ್ತನ್ನು ಏನೆಂದು ಹೊಗಳಲಿ! ಹತ್ತಕ್ಕೆ ಶುರುವಾಗಬೇಕಿದ್ದ ತಪಾಸಣೆ, ಒಂಬತ್ತು ಗಣ್ಯರಿಗೆ ಶಾಲು ಹೊದಿಸುವಷ್ಟರಲ್ಲಿ ಎರಡಕ್ಕೆ ಬಂದು ನಿಂತಿತು. ದಿನಾ ನಡೆಯಿರೆಂದು ಭಾಷಣ ಮಾಡಿದ ತಾವು ಎದುರು ಬೀದಿಯ ಮನೆಯಿಂದ ಕಾರಿನಲ್ಲಿ ಬಂದಿದ್ದಿರಿ. ಕಾಳು, ಸೊಪ್ಪು, ಜೋಳದ ರೊಟ್ಟಿ ತಿನ್ನಿ, ಕರಿದದ್ದು ಬಿಡಿ ಎಂಬ ಕರಪತ್ರದಲ್ಲೇ ಮಿರ್ಚಿ ಭಜಿ ಕಟ್ಟಿಕೊಟ್ಟ ಜಾಣ್ಮೆಗಂತೂ ತಲೆಬಾಗಿದೆ. ಭಜಿ ತಿಂದ ವೈದ್ಯರು ಯಾರನ್ನೂ ಪರೀಕ್ಷಿಸದೆ ಹೊರಟೇ ಹೋದರು.

ಮೆಟ್ಟಿಲ ಮೇಲೆ ಕುಳಿತಿದ್ದ ನನ್ನನ್ನು ಮಾತಾಡಿಸಿದವಳು, ಕುರ್ಚಿ ಎತ್ತಿಡುತ್ತಿದ್ದ ನರ್ಸ್ ಪೂನಂ. ನನ್ನ ಸಂಗತಿ ಕೇಳಿ, "ಚಾಚಾ, ಮೂಲವ್ಯಾಧಿ ಅಂತ ಯಾರ್ ಹೇಳ್ಯಾರ್ರಿ?" ಎಂದಳು.

"ಯಾರೂ ಇಲ್ಲವ್ವಾ, ನಾನೇ."

"ಹಂಗಾದ್ರ ನಾಳೆ ಬೀದರ ದವಾಖಾನಿಗಿ ಬರ್ರಿ. ನಾ ಅಲ್ಲೇ ಇರ್ತೀನಿ."

ಆಕೆ ಇದ್ದಳು. ಕ್ಯಾಮೆರಾ ನಳಿಗೆ ಹಾಕಿ ನೋಡಿದಾಗ ದೊಡ್ಡ ಕರುಳಿನಲ್ಲಿ ಒಂದು ಗಂಟು, ಅದರೊಳಗೆ ಆಗಷ್ಟೇ ಬೇರುಬಿಡತೊಡಗಿದ್ದ ಕ್ಯಾನ್ಸರ್. ಆಪರೇಷನ್ ಮಾಡಿ ತೆಗೆದರು. "ಇನ್ನಾರು ತಿಂಗಳು ತಡವಾಗಿದ್ರ ಕೈ ಮೀರ್ತಿತ್ತು" ಎಂದರು ಅಲ್ಲಿನ ವೈದ್ಯರು. ಜೈನಬಿಯ ಕೈ ಹಿಡಿದು ಅತ್ತುಬಿಟ್ಟೆ.

ಮುಂದಿನ ಸಲ ತಪಾಸಣೆ ಮೊದಲು, ಶಾಲು ಆಮೇಲೆ ಎಂಬಂಥ ಅಸಾಧ್ಯ ಬೇಡಿಕೆಯನ್ನು ನಾನಿಡುವುದಿಲ್ಲ. ಗಣ್ಯರ ಭಾಷಣ ಮುಗಿಯುವವರೆಗೆ ರಕ್ತ ಸುರಿಸಕೂಡದೆಂದು ತಾಲ್ಲೂಕಿನ ಸಮಸ್ತ ಕರುಳುಗಳಿಗೆ ತಾವೊಂದು ಆದೇಶ ಹೊರಡಿಸಿದರೆ ಸಾಕು.

ಇನ್ನೂ ಬದುಕಿರುವ
ತಮ್ಮ ವಿಶ್ವಾಸಿ,
ಮಹೆಬೂಬ

ವಿ.ಸೂ.: ತಮ್ಮ ತಂದೆಯವರು ಇದೇ ರೋಗದಿಂದ ತೀರಿಕೊಂಡರೆಂದು ಕೇಳಿದೆ. ಅಂಥವರ ಮಕ್ಕಳು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಬೀದರ ದವಾಖಾನೆಯಲ್ಲಿ ಬರುವ ಮಂಗಳವಾರಕ್ಕೆ ತಮ್ಮ ಹೆಸರು ಬರೆಸಿದ್ದೇನೆ. ಸೋಮವಾರ ಬರೀ ತಿಳಿನೀರು, ಜೊತೆಗೆ ಕರುಳು ಖಾಲಿ ಮಾಡುವ ಭೇದಿ ಔಷಧ. ಅಂದು ಎಲ್ಲಾದರೂ ಭಾಷಣ ಒಪ್ಪಿಕೊಂಡಿದ್ದರೆ ದಯವಿಟ್ಟು ರದ್ದು ಮಾಡಿರಿ. ನಡುವೆ ಎದ್ದು ಓಡಬೇಕಾಗುತ್ತದೆ.