ಕಪನೀಪತಿಯ ತೋರಣ ದಿಗ್ವಿಜಯ

ಶ್ರಾವಣದ ಶುಕ್ರವಾರಗಳನ್ನಾಳುವ ತಾಯೇ, ಸೇವಂತಿಗೆಯ ಬುಟ್ಟಿಗಳಲ್ಲಿ ನೆಲೆಸಿದವಳೇ, ಈ ಬಡ ಕಥೆಗಾರನ ನಾಲಗೆಗೆ ಒಂದಿಷ್ಟು ಬಲ ಕೊಡು. ನಂಜನಗೂಡಿನಲ್ಲಿ, ಸಕಲಭೂಮಾಪನವಿಶಾರದನೂ, ಸರಪಳಿ ಹಿಡಿದು ತಾಲ್ಲೂಕುಗಳನ್ನೇ ಅಳೆದ ನಿವೃತ್ತ ಸರ್ವೇಯರ್ ಕುಲತಿಲಕನೂ, ಮಧ್ಯಾಹ್ನನಿದ್ರಾಧುರಂಧರನೂ ಆದ ಕಪನೀಪತಿಯೆಂಬ ಮಹಾವೀರನು ತನ್ನ ಮನೆಯ ಬಾಗಿಲಿಗೆ ಹೂವಿನ ತೋರಣ ಕಟ್ಟಿದ ಕಥೆಯಿದು. ಇದಕ್ಕಿಂತ ದೊಡ್ಡ ಯುದ್ಧ ನನ್ನ ಪಾಲಿಗೆ ಬರಲಿಲ್ಲ, ಏನು ಮಾಡಲಿ.

ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ತೋರಣ ಕಟ್ಟುತ್ತಿದ್ದವಳು ಅವನ ಮಡದಿ ವನಜಾಕ್ಷಿ. ಈ ಸಲ ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಸಂಜೆ ಅರಿಸಿನ ಕುಂಕುಮಕ್ಕೆ ಕಪನೀಪತಿಯ ಅಕ್ಕ ಕಾತ್ಯಾಯಿನಿ ಬರುವವಳಿದ್ದಳು. ಅವಳ ಕಣ್ಣಿಗೆ ಬಾಗಿಲು ಬೋಳಾಗಿ ಕಂಡರೆ ವನಜಾಕ್ಷಿಗೆ ಮುಂದಿನ ಶ್ರಾವಣದವರೆಗೂ ತಲೆ ಎತ್ತುವಂತಿರಲಿಲ್ಲ.

"ಕಟ್ಟಿರೋ ಹೂವನ್ನೇ ತಂದ್ಬಿಡಿ," ಎಂದಳು.

ಆಗ ಆ ಪ್ರಚಂಡಭುಜಬಲನು ಬನಿಯನ್ನನ್ನು ಸರಿಪಡಿಸಿಕೊಂಡು ಗರ್ಜಿಸಿದನು: "ಎಲೌ ಸತಿಯೇ, ಬೆಟ್ಟ ಕಣಿವೆಗಳು, ಕೆರೆ ಕಟ್ಟೆಗಳು ಈ ಬಾಹುಗಳಿಗೆ ತಲೆಬಾಗಿ ತಮ್ಮ ಅಳತೆ ಒಪ್ಪಿಸಿವೆ. ಅಂಥವನಿಗೆ ಒಂದು ಬಾಗಿಲೇ? ಹೂ ಕಟ್ಟೋದೇನು ಮಹಾ ಕೆಲಸ ಕಣೇ?"

ಮದುವೆಯಾದಂದಿನಿಂದ ಕೇಳಿದ ಮಾತು. ವನಜಾಕ್ಷಿ ಎಡಗೈಯಿಂದಲೇ ಸೇವಂತಿಗೆಯ ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದಳು.

ವೀರನು ಟೇಪು ಹುಡುಕಿದನು, ಸಿಗಲಿಲ್ಲ. ಹೂವಿಗೆ ಮೊಳವೇ ಶಾಸ್ತ್ರವೆಂದು ಮೊಣಕೈಯೂರಿ ಬಾಗಿಲನ್ನು ಅಳೆದನು. ಸರಿಯಾಗಿ ಮೂರು ಮೊಳ. ವನಜಾಕ್ಷಿ ಕಾಲ ಹೆಬ್ಬೆರಳಿಗೆ ದಾರ ಸುತ್ತಿ, ಎಡಗೈ ಮತ್ತು ಹಲ್ಲುಗಳಿಂದಲೇ ಮೂರು ಹೂ ಕಟ್ಟಿ ತೋರಿಸಿದಳು. "ಬಿಗಿಯಾಗಿ ಎಳೀಬೇಕು," ಎಂದಳು. ಮುಂದಿನದನ್ನು ಬಣ್ಣಿಸಲು ನನಗೆ ಶಕ್ತಿಯಿಲ್ಲ. ಬಿಗಿ ಎಳೆದ ಕಡೆಯಲ್ಲೆಲ್ಲ ಸೇವಂತಿಗೆಗಳ ರುಂಡಗಳು ಚೆಂಡಿನಂತೆ ಉರುಳಿದವು, ಪೀತದಳಗಳಿಂದ ರಣಾಂಗಣ ತುಂಬಿತು, ನಡುವೆ ಕಾಫಿ ವಿರಾಮವೂ ಆಯಿತು. ಕೊನೆಗೆ ಕರುಣಾಳುವಾದ ಅವನು ಯಾವ ಹೂವಿಗೂ ನೋವಾಗದಂತೆ ಮೆಲ್ಲಗೆ ಗಂಟು ಹಾಕತೊಡಗಿದನು.

"ಎಷ್ಟಾಯ್ತು ನೋಡೇ."

ವನಜಾಕ್ಷಿ ಮಾಲೆಯನ್ನು ತನ್ನ ಎಡಗೈಗೆ ಹಿಡಿದು ಅಳೆದಳು. "ಮೂರು ಮೊಳ ಆಯ್ತು. ಸಾಕು ಬಿಡಿ."

ಮಹಾವೀರನು ಸ್ಟೂಲಾರೋಹಣ ಮಾಡಿ ಒಂದು ತುದಿಯನ್ನು ಮೊಳೆಗೆ ಬಿಗಿದನು. ಇನ್ನೊಂದು ತುದಿ ಎದುರಿನ ಮೊಳೆಗೆ ಒಂದು ಗೇಣು ಮೊದಲೇ ನಿಂತುಬಿಟ್ಟಿತು. ಗೇಣು ನೆಲಕ್ಕಾಗಿ ಬಡಿದಾಡಿದ ಅಣ್ಣತಮ್ಮಂದಿರಿಗೆಲ್ಲ ನ್ಯಾಯ ಹೇಳಿದ್ದವನಿಗೆ, ತನ್ನ ಮೊಳ ಬೇರೆ, ಹೆಂಡತಿಯ ಮೊಳ ಬೇರೆ ಎಂದು ಅಷ್ಟೆತ್ತರದಲ್ಲಿ ನಿಂತಾಗ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಗೇಟು ಕಿರುಗುಟ್ಟಿ ಕಾತ್ಯಾಯಿನಿ ಹೊಸಿಲಿಗೆ ಬಂದೇಬಿಟ್ಟಳು.

ವನಜಾಕ್ಷಿಯ ಮಾನ ಆ ಒಂದು ಗೇಣಿನಲ್ಲಿತ್ತು. ಅವನು ಸರ್ವಶಕ್ತಿಯಿಂದ ದಾರವನ್ನು ಎಳೆದನು.

ಕರುಣೆಯಿಂದ ಹಾಕಿದ್ದ ಗಂಟುಗಳೆಲ್ಲ ಒಟ್ಟಿಗೆ ಸಡಿಲಿದವು. ವೀರರು ಗೆದ್ದಾಗ ಆಗಸದಿಂದ ಸುರಿಯುವ ಪುಷ್ಪವೃಷ್ಟಿಯು ಅಂದು ಕಾತ್ಯಾಯಿನಿಯ ನೆತ್ತಿಯ ಮೇಲೆ ಸುರಿಯಿತು.

"ಏನೋ ಕಪನಿ, ನಂಗೆ ಸನ್ಮಾನ ಮಾಡ್ತಿದ್ದೀಯಾ?" ಎಂದು ಕೇಳಿದ ಅಕ್ಕ ತಲೆ ಕೊಡವಿಕೊಂಡು ಮೇಲೆ ನೋಡಿದಳು. ಮೊಳೆಯ ಬಳಿ ಮೂರೇ ಮೂರು ಸೇವಂತಿಗೆ ಅಲ್ಲಾಡದೆ ಕೂತಿದ್ದವು. "ಅದು ಮಾತ್ರ ವನಜಾಕ್ಷಿ ಕಟ್ಟಿದ್ದು, ಅಲ್ವಾ?"

"ಹೂಂ. ಒಂದೇ ಕೈಲಿ," ಎಂದನು ಕಪನೀಪತಿ, ಸ್ಟೂಲಿನ ಮೇಲಿಂದಲೇ.

"ಕೈ ಮುರಿದ್ರೂ ಕೈಗುಣ ಹೋಗಿಲ್ಲ ನೋಡು," ಎಂದು ಕಾತ್ಯಾಯಿನಿ ಒಳಗೆ ನಡೆದಳು.

ವನಜಾಕ್ಷಿಯ ಮುಖ ಅರಳಿತು. ತಲೆ ಎತ್ತಿಕೊಂಡೇ ಅಡುಗೆಮನೆಗೆ ಹೋಗಿ, ಎಡಗೈಯಲ್ಲಿ ಪೊರಕೆ ಹಿಡಿದು ಬಂದು ಗಂಡನಿಗೆ ನೀಡಿದಳು.

"ತಗೊಳಿ. ಗುಡ್ಸೋದೇನು ಮಹಾ ಕೆಲಸ?"

ಸಕಲಭೂಮಾಪನವಿಶಾರದನು ಸ್ಟೂಲಿನಿಂದ ಇಳಿದು ಗುಡಿಸಿದನು, ಮೂಲೆಗಳನ್ನು ಬಿಟ್ಟು.