ಕಣ್ಣಂಚಿಗೆ ಒಂದಿಷ್ಟು ಕೊಸರು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ನನ್ನ ಸೋದರಮಾವ ಬಲಗಣ್ಣು ತೆರೆದುಕೊಂಡೇ ಸೀನಿದ.

ಇದರಲ್ಲೇನು ವಿಶೇಷ ಎನ್ನುವವರು ಒಮ್ಮೆ ಪ್ರಯತ್ನಿಸಿ ನೋಡಬಹುದು. ಸೀನುವಾಗ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಾಹುಕಾರನಿಗೂ ಹಮಾಲನಿಗೂ ಬೆಕ್ಕಿಗೂ ಅದೇ ಕಾಯಿದೆ. ಆ ಕಾಯಿದೆ ಮುರಿದ ಮನುಷ್ಯ ಇಡೀ ಹಾವೇರಿ ಜಿಲ್ಲೆಯಲ್ಲಿ ನಮ್ಮ ಮಾವ ಒಬ್ಬನೇ ಇರಬೇಕು. ಅದನ್ನು ಮುರಿಯಲೆಂದೇ ರಾಣೆಬೆನ್ನೂರಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ಬಂದಿದ್ದ! ನಾನು ಈಗ ಇದನ್ನು ನಗುತ್ತ ಬರೆಯುತ್ತಿದ್ದೇನೆ, ನಿಜ. ಆದರೆ ಇವತ್ತಿಗೂ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಸಾಕು, ನನ್ನ ಎರಡೂ ಕಣ್ಣು ಮುಚ್ಚುತ್ತವೆಯೋ ಇಲ್ಲವೋ ಎಂದು ಮುಚ್ಚಿ ತೆರೆದು ನೋಡಿಕೊಳ್ಳುತ್ತೇನೆ.

ಮಾವ ಮೆಣಸಿನಕಾಯಿ ದಲಾಲ. ಅರವತ್ತರ ಹೊಸ್ತಿಲಲ್ಲಿದ್ದಾನೆ, ಆದರೆ ಹೊಸ್ತಿಲು ದಾಟುವ ವಿಚಾರ ಅವನಿಗಿಲ್ಲ. ಅವನ ಮೀಸೆಯ ಕಪ್ಪು ಕಾಗೆಗೂ ಸಿಕ್ಕಿರಲಿಕ್ಕಿಲ್ಲ. ಘಾಟಿನಲ್ಲಿ ಮೂಗು ಬಿಡಲಾಗದ ಪೇಟೆಗೆ ಅತ್ತರು ಹಚ್ಚಿಕೊಂಡು ಹೋಗುವ ಪ್ರಾಣಿ ಅವನು. ಯಾರ ಮೂಗಿಗಾಗಿ ಎಂದು ಅತ್ತೆ ಮೂವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾಳೆ.

ಇಂಥ ಮನುಷ್ಯ ಜೀವನವಿಡೀ ಮಾರಿದ್ದು ಏನನ್ನು? ಸುಕ್ಕನ್ನು! ಬ್ಯಾಡಗಿ ಮೆಣಸಿನಕಾಯಿಯ ಮರ್ಯಾದೆ ಇರುವುದೇ ಅದರ ಮೈಮೇಲಿನ ಸುಕ್ಕಿನಲ್ಲಿ. ಬೇರೆ ಊರಿನವರು ಅಂಗಡಿಗೆ ಬಂದರೆ ಮಾವ ಒಂದು ಕಾಯಿ ಎತ್ತಿ ಹಿಡಿದು, ನುಣ್ಣಗಿದ್ದದ್ದು ಬರೇ ಖಾರ, ಸುಕ್ಕು ಬಿದ್ದದ್ದು ಬಣ್ಣ, ಬಣ್ಣಕ್ಕೇ ಬೆಲೆ ಎಂದು ಪಾಠ ಹೇಳುತ್ತಿದ್ದ. ಕಾಯಿಯನ್ನು ಬೆಳಕಿಗೆ ಹಿಡಿದು ಬಲಗಣ್ಣು ಕಿರಿದು ಮಾಡಿದನೆಂದರೆ ಅದು ಯಾವ ಊರಿನ ಹೊಲದ್ದು, ಎಷ್ಟು ದಿನ ಒಣಗಿದೆ, ತೂಕಕ್ಕೆಂದು ನೀರು ಚಿಮುಕಿಸಿದ್ದಾರೆಯೇ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದ. ಹಾಗೆ ಕಣ್ಣು ಕಿರಿದು ಮಾಡಿ ಮಾಡಿಯೇ ಕಣ್ಣಂಚಿನಲ್ಲಿ ಬೀಸಣಿಗೆ ಬಿಚ್ಚಿದಂತೆ ಗೆರೆಗಳು ಬಿದ್ದಿದ್ದವು. ಕಾಯಿಯ ಸುಕ್ಕಿಗೆ ಕೈಮುಗಿಯುತ್ತಿದ್ದವನಿಗೆ ತನ್ನ ಸುಕ್ಕು ಮಾತ್ರ ಅವಮಾನ.

ಎಲ್ಲದಕ್ಕೂ ಮೂಲ ಒಂದು ಫ್ಲೆಕ್ಸು. ಮಾವನ ಹುಟ್ಟುಹಬ್ಬಕ್ಕೆ ಅವನ ಸ್ನೇಹಿತರು ಸ್ಟೇಷನ್ ರಸ್ತೆಯಲ್ಲಿ ಆಳೆತ್ತರದ ಫ್ಲೆಕ್ಸು ಕಟ್ಟಿಸಿದರು. ವರ್ತಕರ ಸಂಘದ ಚುನಾವಣೆ ಹತ್ತಿರವಿತ್ತು. ಹಾಗಾಗಿ ಆ ಹುಟ್ಟುಹಬ್ಬ ಸ್ವಲ್ಪ ಮೊದಲೇ ಬಂದಿತ್ತು ಎನ್ನುವುದು ಬೇರೆ ಮಾತು. ಹಾವೇರಿಯ ಫ್ಲೆಕ್ಸು ಅಂಗಡಿಯವನು ಕಂಪ್ಯೂಟರಿನಲ್ಲಿ ಮಾವನ ಮುಖವನ್ನು ತಿಕ್ಕಿ ತೀಡಿ, ಗಾರೆ ನೆಲದಂತೆ ಮಾಡಿಟ್ಟಿದ್ದ. ಅರೆ ತಿರುಗಿದ ಭಂಗಿ, ಬಲಗೆನ್ನೆ ಮುಂದೆ, ಹಿಂದೆ ಕೆಂಪು ರಾಶಿ. ಮಾವ ದಿನಕ್ಕೆ ನಾಲ್ಕು ಸಲ ಆ ದಾರಿಯಲ್ಲಿ ಕೆಲಸವಿಲ್ಲದೆ ಓಡಾಡಿದ.

ಅಲ್ಲಿಗೆ ಗುತ್ತಲದ ರೈತನೊಬ್ಬ ಬಂದು ಕೆಡಿಸಿದ. ಫ್ಲೆಕ್ಸಿನ ಕೆಳಗೆ ನಿಂತ ಮಾವನನ್ನೂ ಮೇಲಿನ ಮುಖವನ್ನೂ ನೋಡಿ, "ಸಾವ್ಕಾರ್ರ, ಮಗಾ ಏನ್ರಿ? ಭಾಳ ಚಂದ ಅದಾನ. ತಾಯಿ ಹೋಲಿಕಿ ಬಂದೈತಿ" ಅಂದ.

ನೀವಾದರೆ ಏನು ಮಾಡುತ್ತಿದ್ದಿರಿ? ಫ್ಲೆಕ್ಸು ಇಳಿಸುತ್ತಿದ್ದಿರಿ, ಅಥವಾ ನಕ್ಕು ಸುಮ್ಮನಾಗುತ್ತಿದ್ದಿರಿ. ಮಾವ ಫ್ಲೆಕ್ಸನ್ನು ಹಾಗೆಯೇ ಬಿಟ್ಟು ಮುಖವನ್ನು ರಿಪೇರಿಗೆ ಹಾಕಿದ!

ಶನಿವಾರ ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಅತ್ತೆಗೆ ಹೇಳಿ ರಾಣೆಬೆನ್ನೂರಿಗೆ ಹೋದ. ಅಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಸೌಂದರ್ಯ ಕೇಂದ್ರವಂತೆ. ಕೆಳಗೆ ಸೀರೆಯ ಮಡಿಕೆ, ಮೇಲೆ ಮುಖದ ಮಡಿಕೆ. ಬಿಳಿ ಕೋಟು ಹಾಕಿಕೊಂಡ ಗೃಹಸ್ಥನೊಬ್ಬ ಕಣ್ಣಂಚಿಗೆ ಸಣ್ಣ ಸೂಜಿಯಲ್ಲಿ ಅಷ್ಟಷ್ಟು ಔಷಧಿ ಹಾಕಿದರೆ ಸ್ನಾಯು ಸಡಿಲಾಗಿ ಗೆರೆ ಮಾಯವಾಗುತ್ತವೆ ಎಂದನಂತೆ. ಆ ಕೋಟಿನೊಳಗೆ ಡಾಕ್ಟರಿದ್ದರೋ ಬರೀ ಅಂಗಿ ಇತ್ತೋ ಎಂದು ಮಾವ ವಿಚಾರಿಸಲಿಲ್ಲ. ನೀರು ಚಿಮುಕಿಸಿದ ಕಾಯಿಯನ್ನು ಮಾರು ದೂರದಿಂದ ಹಿಡಿಯುವವನು ಕೋಟು ನೋಡಿ ನಂಬಿದ. ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೋ ತೋರಿಸಿ, ಹೀಗೆ ಮಾಡಿ ಎಂದ.

ಮುಂದೆ ಮಾಡಿದ್ದನ್ನು ಮಾತ್ರ ನಮ್ಮ ಪೇಟೆಯ ಮನುಷ್ಯನಲ್ಲದೆ ಇನ್ಯಾರೂ ಮಾಡಲಾರರು. ಎರಡೂ ಕಣ್ಣಿನ ಲೆಕ್ಕ ಮುಗಿದು ಆತ ಸೂಜಿ ಕೆಳಗಿಡುವಷ್ಟರಲ್ಲಿ ಮಾವ ಕೊಸರು ಕೇಳಿದ! ಹೌದು, ಕೊಸರು. ತೂಕ ಆದ ಮೇಲೆ ಪ್ರೀತಿಗೆಂದು ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದು. ಕೊಸರಿಲ್ಲದ ವ್ಯಾಪಾರ ಮಾವನ ಪಾಲಿಗೆ ವ್ಯಾಪಾರವೇ ಅಲ್ಲ. ಬಲಗಣ್ಣು ಫ್ಲೆಕ್ಸಿನಲ್ಲಿ ಎದ್ದು ಕಾಣುತ್ತದೆ, ಅದಕ್ಕೆ ಒಂದಿಷ್ಟು ಮೇಲೆ ಹಾಕಿ ಎಂದ. ಬಿಳಿ ಕೋಟಿನವನೂ ನಮ್ಮ ಕಡೆಯವನೇ. ಗಿರಾಕಿಯ ಮನಸ್ಸು ನೋಯಿಸಬಾರದೆಂದು ಹಾಕಿದ.

ನಾಲ್ಕೈದು ದಿನಕ್ಕೆ ಮುಖ ನುಣ್ಣಗಾಯಿತು. ಎಷ್ಟು ನುಣ್ಣಗೆಂದರೆ ಅದರ ಮೇಲೆ ಯಾವ ಭಾವನೆಯೂ ನಿಲ್ಲದೆ ಜಾರಿ ಬೀಳುತ್ತಿತ್ತು. ಮಾವ ನಕ್ಕರೆ ಹಲ್ಲು ಮಾತ್ರ ನಗುತ್ತಿದ್ದವು, ಕಣ್ಣು ಬೇರೆ ಯಾರದೋ ಮನೆಯ ಕಣ್ಣಿನಂತೆ ಸುಮ್ಮನೆ ನೋಡುತ್ತಿದ್ದವು. ರೇಟು ಕೇಳಲು ಬಂದ ರೈತರು ಸಾವ್ಕಾರ ಸಿಟ್ಟಾಗಿದ್ದಾನೋ ಖುಷಿಯಾಗಿದ್ದಾನೋ ತಿಳಿಯದೆ ಪಕ್ಕದ ಅಂಗಡಿಗೆ ಹೋದರು. ಅತ್ತೆಗೆ ಗುಟ್ಟು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಹಲ್ಲು ತೋರ್ಸಾಕ ಹೋದಾವ್ರು ಮಾರಿಗೆ ಇಸ್ತ್ರಿ ಮಾಡಿಸ್ಕೊಂಡು ಬಂದಾರ ನೋಡವಾ" ಎಂದು ನನಗೆ ಫೋನು ಮಾಡಿದಳು.

ಆ ಗುರುವಾರ ನಾನು ಹಾವೇರಿಯಿಂದ ಬಂದದ್ದು ವರ್ಷದ ಖಾರಕ್ಕೆ ಮೆಣಸಿನಕಾಯಿ ಒಯ್ಯಲು. ಇಸ್ತ್ರಿಯಾದ ಮುಖವನ್ನು ಕಣ್ಣಾರೆ ನೋಡುವ ಆಸೆಯೂ ಇತ್ತೆನ್ನಿ. ಮಾವ ಪೇಟೆಯಲ್ಲಿದ್ದ. ಕೆಲವು ದಿನ ಕಣ್ಣು ಉಜ್ಜಬೇಡಿ, ಧೂಳಿಗೆ ಹೋಗಬೇಡಿ ಎಂದು ಆ ಕೋಟಿನವನೂ ಹೇಳಿ ಕಳಿಸಿದ್ದನಂತೆ. ಹಾಗಿದ್ದರೆ ಇಲ್ಲೇಕೆ ನಿಂತಿದ್ದೀ ಎಂದು ಕೇಳಿದೆ. ಮಾವ ನನ್ನನ್ನು ಹುಚ್ಚಿಯಂತೆ ನೋಡಿದ, ಅಥವಾ ಹಾಗೆ ನೋಡಲು ಪ್ರಯತ್ನಿಸಿದ.

"ಧೂಳು ಅಂದ್ರ ರಸ್ತೇದು. ಇದು ಲಕ್ಷ್ಮಿ. ಲಕ್ಷ್ಮಿಗೆ ಧೂಳು ಅಂತಾರೇನವಾ?"

ಇಂಥ ತರ್ಕದ ಮುಂದೆ ಬಿ.ಎಸ್ಸಿ. ಓದಿ ಏನು ಪ್ರಯೋಜನ?

ಮಾವ ರಾಶಿಯಿಂದ ಒಂದು ಕಾಯಿ ಎತ್ತಿ ಮುರಿದು, ಬೀಜವನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲೇ ಹಮಾಲನೊಬ್ಬ ಚೀಲ ಬಗ್ಗಿಸಿದ. ಕೆಂಪು ಹುಡಿ ಮುಖದೆತ್ತರಕ್ಕೆ ಎದ್ದಿತು. ನಾವೆಲ್ಲ ಕಣ್ಣು ಬಿಗಿಯಾಗಿ ಮುಚ್ಚಿದೆವು. ನಾನು ಮತ್ತೆ ತೆರೆದಾಗ ಮಾವ ಹಾಗೆಯೇ ನಿಂತಿದ್ದ. ಎಡಗಣ್ಣು ಹೇಗೋ ಮುಚ್ಚಿತ್ತು. ಕೊಸರು ಬಿದ್ದ ಬಲಗಣ್ಣು ಕಿಟಕಿಯಂತೆ ತೆರೆದೇ ಇತ್ತು, ಅದರೊಳಗೆ ಹುಡಿ ಇಳಿಯುತ್ತಿತ್ತು. ಆಗಲೇ ಆ ಸೀನು ಬಂದದ್ದು. ಸೀನಿನ ಹಿಂದೆಯೇ, ಬೀಜ ತಿಕ್ಕಿದ ಆ ಅಂಗೈ ಕಣ್ಣಿಗೆ ಹೋಯಿತು. ನಾನು ಮಣಿಕಟ್ಟು ಹಿಡಿದೆ, ಆದರೆ ಅಷ್ಟರಲ್ಲಿ ಉಜ್ಜಿ ಆಗಿತ್ತು.

ಮಾವ ರಾಶಿಯ ಮೇಲೆ ಕುಸಿದು ಕುಳಿತ. ಕಾಲಿಗೆ ಒಂದು ಕಾಯಿ ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಚಪ್ಪಲಿ ಸಮೇತ ಲಕ್ಷ್ಮಿಯ ಮೇಲೆ ಕುಳಿತಿದ್ದ. ಇವತ್ತಿಗೂ ನನಗೆ ಮತ್ತೆ ಮತ್ತೆ ಕಾಣುವುದು ಕೆಂಪಾದ ಆ ಕಣ್ಣಲ್ಲ, ಕಾಯಿಗಳ ನಡುವೆ ಹೂತಿದ್ದ ಆ ಚಪ್ಪಲಿಗಳು.

ಹಮಾಲರು ಕೊಡಗಟ್ಟಲೆ ನೀರು ಹಾಕಿ ಕಣ್ಣು ತೊಳೆದರು. ಅಂಗಡಿಯ ಕಾರು ತೆಗೆದುಕೊಂಡು, ದಾರಿಯಲ್ಲಿ ಅತ್ತೆಯನ್ನು ಹತ್ತಿಸಿಕೊಂಡು ಹಾವೇರಿಯ ಕಡೆ ಓಡಿಸಿದೆ. ಮೋಟೆಬೆನ್ನೂರು ದಾಟುವಾಗ ಮಾವ ಜೇಬಿನಿಂದ ಒಂದು ಮೆಣಸಿನಕಾಯಿ ತೆಗೆದು, ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು, ಬಲಗಣ್ಣಿನ ಮುಂದೆ ಹಿಡಿದ. ಅತ್ತೆ ಅದನ್ನು ಕಸಿದು ಕಿಟಕಿಯಿಂದ ಎಸೆದಳು.

"ಬಣ್ಣ ತಿಳಿಯವಲ್ದು" ಅಂದ ಮಾವ.

ಆ ಒಂದು ಕಣ್ಣಿನ ಮೇಲೆ ಅಂಗಡಿ ನಿಂತಿತ್ತು, ಮನೆ ನಿಂತಿತ್ತು. ಮಾವನೆಂಬ ಮನುಷ್ಯನೂ ಅದರ ಮೇಲೆಯೇ ನಿಂತಿದ್ದ. ಬಣ್ಣ ತಿಳಿಯದ ಮೆಣಸಿನಕಾಯಿ ದಲಾಲನನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ?

ಕಣ್ಣಿನ ಡಾಕ್ಟರಮ್ಮ ಮೈಸೂರು ಕಡೆಯವರು. ಮಾವ ಮೊದಲು ಹಲ್ಲಿನ ಕಥೆಯನ್ನೇ ಹೇಳಲು ಹೊರಟ. ಅತ್ತೆ ಒಂದು ಸಲ ನೋಡಿದ ಮೇಲೆ ರಾಣೆಬೆನ್ನೂರಿನ ಸತ್ಯ ಪೂರ್ತಿ ಹೊರಗೆ ಬಂತು. ನಾನು ಮೇಲೆ ಬರೆದ ಮಹಡಿಯ ಸಮಾಚಾರವೆಲ್ಲ ನಮಗೆ ವಿವರವಾಗಿ ತಿಳಿದದ್ದು ಆಗಲೇ.

"ಬಲಗಣ್ಣಿಗೆ ಎಷ್ಟು ಹಾಕಿದ್ರು?"

"ಎಡಕ್ಕ ಹಾಕಿದಷ್ಟ ಹಾಕಿದ್ರಿ. ಮ್ಯಾಲೆ ಕೊಸರು."

ಕೊಸರೆಂದರೇನೆಂದು ಅವರಿಗೆ ಅತ್ತೆಯೇ ವಿವರಿಸಬೇಕಾಯಿತು. ಡಾಕ್ಟರಮ್ಮ ಕೈಯಲ್ಲಿದ್ದ ಟಾರ್ಚು ಆರಿಸಿದರು.

"ವಿಷದಿಂದ ಮಾಡಿರೋ ಔಷಧಿ ಅದು. ಅದಕ್ಕೆ ಚೌಕಾಸಿ ಮಾಡಿದವರನ್ನ ನಾನು ಇವತ್ತೇ ನೋಡಿದ್ದು" ಎಂದರು. ಆಮೇಲೆ ಧ್ವನಿ ಇಳಿಸಿ ಹೇಳಿದರು: ಗುಡ್ಡೆಯ ಮೇಲಿನ ಪೊರೆ ಸುಲಿದಿದೆ, ಹುಣ್ಣಾದರೆ ಕಲೆ ಉಳಿಯುತ್ತದೆ, ಕಲೆ ನಡುವೆ ಬಂದರೆ ಆ ಕಣ್ಣನ್ನು ಮರೆಯಬೇಕು. ಹಾಕಿದ ಔಷಧಿಯನ್ನು ಹೊರಗೆ ತೆಗೆಯುವ ಮದ್ದಿಲ್ಲ. ಅದು ತಾನಾಗಿಯೇ ಇಳಿಯಬೇಕು. "ಅಲ್ಲೀವರೆಗೆ ಆ ಕಣ್ಣು ಮುಚ್ಚೋ ಕೆಲಸ ಮನೆಯವರೇ ಮಾಡಬೇಕು."

ಮನೆಯವರೆಂದರೆ ಅತ್ತೆ. ರಜೆ ಹಾಕಿದ ನಾನು ಬರೀ ಪರಿಚಾರಿಕೆ.

ಮೊದಲ ಆಜ್ಞೆಯಾಗಿ ಮನೆಯಿಂದ ಮೆಣಸಿನಕಾಯಿ ಗಡೀಪಾರಾಯಿತು. ಇಡೀ ಬ್ಯಾಡಗಿಯಲ್ಲಿ ಖಾರವಿಲ್ಲದ ಮನೆ ಅದೊಂದೇ! ಮೆಣಸಿನಕಾಯಿ ದಲಾಲ ಹಾಲು ಅನ್ನ ಉಂಡ, ಬಿಳಿ ಉಪ್ಪಿಟ್ಟು ತಿಂದ, ರೊಟ್ಟಿಗೆ ಬೆಣ್ಣೆ ಸಕ್ಕರೆ ಹಚ್ಚಿಕೊಂಡ. ನೋಡಲು ಬಂದವರು ಹೊಸ್ತಿಲಲ್ಲೇ ಅಂಗಿ ಝಾಡಿಸಿ ಒಳಗೆ ಬರಬೇಕಿತ್ತು. ಬಂದವರಲ್ಲಿ ಒಬ್ಬರೂ ಕಣ್ಣಿನ ವಿಷಯ ಕೇಳಲಿಲ್ಲ, ಎಲ್ಲರೂ ಬಗ್ಗಿ ಮುಖವನ್ನೇ ನೋಡಿದರು. ಮಾವನ ಗೆಳೆಯನೊಬ್ಬ ಅತ್ತೆ ಒಳಗೆ ಹೋದ ಸಮಯ ನೋಡಿ, ಸೀರೆ ಅಂಗಡಿ ಯಾವ ರಸ್ತೆಯಲ್ಲಿದೆ ಎಂದು ಪಿಸುಗುಟ್ಟಿ ಕೇಳಿದ! ಗಂಡಸರ ಬುದ್ಧಿಗೆ ಯಾವ ಡಾಕ್ಟರಮ್ಮ ಮದ್ದು ಕೊಟ್ಟಾರು?

ಮಾವನ ಬಿಂಕ ಆಗಲೂ ಕರಗಿರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟುವಾಗ ಮೀಸೆ ಮುಚ್ಚದ ಹಾಗೆ ಕಟ್ಟು ಎನ್ನುತ್ತಿದ್ದ. ಕಣ್ಣೆಲ್ಲಿ, ಮೀಸೆಯೆಲ್ಲಿ?

ಹಗಲು ಹೇಗೋ ಕಳೆಯುತ್ತಿತ್ತು. ಗಂಟೆಗೊಮ್ಮೆ ಹನಿ, ನಡುನಡುವೆ ಮುಲಾಮು, ಉಳಿದ ಹೊತ್ತು ಜಗಳ. ಕಷ್ಟವೆಲ್ಲ ರಾತ್ರಿಯದು. ಮಾವ ನಿದ್ದೆಗೆ ಇಳಿದರೂ ಆ ರೆಪ್ಪೆ ಇಳಿಯುತ್ತಿರಲಿಲ್ಲ. ಬಿಳಿಗುಡ್ಡೆ ಕಾಣಿಸುತ್ತ ಅರ್ಧ ತೆರೆದೇ ಇರುತ್ತಿತ್ತು. ಮುಚ್ಚಿ ಅಂಟಿಸಿದ ಪಟ್ಟಿ ಬೆವರಿಗೆ ಸಡಿಲಾಗುತ್ತಿತ್ತು. ಒಮ್ಮೆ ಸಡಿಲಾಗಿ ಗಾಳಿಗೆ ಒಣಗಿದರೆ ಅಷ್ಟು ದಿನ ಮಾಯ್ದದ್ದು ಮತ್ತೆ ಸುಲಿಯುತ್ತದೆಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕೆ ಅತ್ತೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ನಾನು ಕೂರುತ್ತೇನೆಂದರೆ ಬಿಡಲಿಲ್ಲ. ನನಗೆ ನಿದ್ದೆ ಬಂದುಬಿಡುತ್ತದಂತೆ. ಬೆಳಿಗ್ಗೆ ಅವಳ ಕಣ್ಣು ಮಾವನ ಕಣ್ಣಿಗಿಂತ ಕೆಂಪಾಗಿರುತ್ತಿದ್ದವು. ಬೈಗುಳ ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ. ಹನಿ ಹಾಕುತ್ತಲೇ ಬೈಯುತ್ತಿದ್ದಳು, ಬೈಯುವಾಗಲೂ ಒಂದು ಹನಿ ಹೊರಗೆ ಬೀಳುತ್ತಿರಲಿಲ್ಲ. ಮಾವ ಮುಖ ಮೇಲೆತ್ತಿ ಕೂತಿರುತ್ತಿದ್ದ. ಆ ಮುಖದಲ್ಲಿ ಏನಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯದ ಹಾಗೆ ಮಾಡಿಸಿಕೊಂಡು ಬಂದಿದ್ದನಲ್ಲ!

ಹುಣ್ಣು ನಡುವಿಗೆ ಬರಲಿಲ್ಲ. ಅಂಚಿನಲ್ಲೇ ನಿಂತು ಮಾಯತೊಡಗಿತು. ದೃಷ್ಟಿ ಉಳಿಯುತ್ತದೆ, ಆದರೆ ರೆಪ್ಪೆಗೆ ತನ್ನ ಕೆಲಸ ನೆನಪಾಗುವವರೆಗೆ ಕಾವಲು ಬಿಡಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಕಾವಲು ಬಿಡಲಿಲ್ಲ. ಅಷ್ಟರಲ್ಲಿ ಚುನಾವಣೆ ಮಾವನಿಲ್ಲದೆಯೇ ಬಂದು ಹೋಯಿತು. ಬಿಸಿಲು ಏರಿ ಪೇಟೆಯಲ್ಲಿ ರಾಶಿಗಳು ಕರಗುತ್ತ ಬಂದವು.

ಒಂದು ಭಾನುವಾರ ಬೆಳಿಗ್ಗೆ ಹನಿಯ ಶೀಶೆ ಹಿಡಿದು ನಾನು ಕೋಣೆಯ ಬಾಗಿಲು ತಳ್ಳಿದೆ. ಒಳಗೆ ಬೈಗುಳ ಕೇಳಿಸಲಿಲ್ಲ. ಅತ್ತೆ ಕುರ್ಚಿಯಿಂದ ಮುಂದಕ್ಕೆ ವಾಲಿ, ಮಾವನ ಬಲಗೈ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು ಗಾಢ ನಿದ್ದೆಯಲ್ಲಿದ್ದಳು. ಪಟ್ಟಿ ಕಳಚಿ ದಿಂಬಿನ ಮೇಲೆ ಬಿದ್ದಿತ್ತು. ಯಾವಾಗ ಕಳಚಿತೋ, ಎಷ್ಟು ಹೊತ್ತಾಯಿತೋ ಎಂದು ಹತ್ತಿರ ಓಡಿದೆ.

ಮಾವನ ಎರಡೂ ಕಣ್ಣು ಮುಚ್ಚಿದ್ದವು. ಬಲಗಣ್ಣೂ. ಯಾರೂ ಮುಚ್ಚದೆ, ತಾನಾಗಿಯೇ.

ನನ್ನ ಹೆಜ್ಜೆ ಸಪ್ಪಳಕ್ಕೆ ಅವನ್ನು ನಿಧಾನವಾಗಿ ತೆರೆದು ನನ್ನನ್ನು ನೋಡಿದ. ಅತ್ತೆಯನ್ನು ಎಬ್ಬಿಸಲೆಂದು ನಾನು ಕೈ ಚಾಚಿದೆ. ಮಾವ ಎಡಗೈಯಿಂದ ನನ್ನನ್ನು ತಡೆದ.

"ರಾತ್ರಿ ಪೂರಾ ಮಲಗ್ಯಾಳವಾ" ಎಂದು ಪಿಸುಗುಟ್ಟಿದ. "ಕೈ ಜೋಮು ಹಿಡದೈತಿ. ಇರ್ಲಿ ಬಿಡು."